ತಿಥಿಗೆ ಬಾರದ ಕಾಯಿ

ನಮ್ಮಜ್ಜಿಯ ಅಡುಗೆಮನೆಗೆ ಹುರುಳಿಕಾಯಿ ವಾರಕ್ಕೆ ಮೂರು ಸಲ ಬರುತ್ತಿತ್ತು. ತಿಥಿಯ ದಿನ ಮಾತ್ರ ಅದರ ನೆರಳೂ ಒಳಗೆ ಬೀಳುವಂತಿರಲಿಲ್ಲ. ಹಿಂದಿನ ಸಂಜೆಯೇ ಬುಟ್ಟಿಯಲ್ಲಿ ಉಳಿದ ಹುರುಳಿಕಾಯಿ, ಎಲೆಕೋಸು, ಆಲೂಗಡ್ಡೆ, ಟೊಮೇಟೊ ಎಲ್ಲವನ್ನೂ ಒಂದು ಮೊರಕ್ಕೆ ಸುರಿದು ಹಿತ್ತಲ ಜಗಲಿಗೆ ಗಡೀಪಾರು ಮಾಡುತ್ತಿದ್ದಳು. ಒಣಮೆಣಸಿನಕಾಯಿಯ ಡಬ್ಬಿಯೂ ಹೊರಗೆ ಹೋಗಿ ಕರಿಮೆಣಸು ಒಳಗೆ ಬರುತ್ತಿತ್ತು. "ಇಂಗ್ಲಿಷ್ ತರಕಾರಿ ಕಣೇ, ಪಿತೃಗಳಿಗೆ ಗುರುತು ಸಿಕ್ಕಲ್ಲ" ಅನ್ನುವುದು ಅವಳ ಸಮಜಾಯಿಷಿ. ನನಗಾಗ ಎಂಟೋ ಒಂಬತ್ತೋ ವರ್ಷ. ಪಿತೃಗಳು ಎಲೆಯ ಮುಂದೆ ಕೂತು ಪಲ್ಯವನ್ನು ಮೂಸಿ ನೋಡಿ, ಇದೇನಿದು ಅಂತ ಒಬ್ಬರ ಮುಖ ಒಬ್ಬರು ನೋಡುವುದನ್ನು ಕಲ್ಪಿಸಿಕೊಂಡು ನಗು ಬರುತ್ತಿತ್ತು.

ಆಮೇಲೆ ಮೂವತ್ತೊಂದು ವರ್ಷ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಹೇಳಿದೆ. ಅಜ್ಜಿಯ ಪಟ್ಟಿಯನ್ನು ಒಮ್ಮೆ ನನ್ನ ಪಟ್ಟಿಯ ಪಕ್ಕ ಇಟ್ಟು ನೋಡಿದಾಗ ಬೆರಗಾದೆ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೇಟೊ, ಹುರುಳಿಕಾಯಿ: ನಾಲ್ಕೂ ಅಮೆರಿಕದವು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸು ನಾಲ್ಕರ ತವರನ್ನೂ ಸರಿಯಾಗಿ ಹಿಡಿದಿದ್ದಳು. ಒಂದೇ ಕಡೆ ಎಡವಿದ್ದಳು. ಸಿಹಿಗೆಣಸನ್ನು ತಿಥಿಗೆ ಬಿಟ್ಟುಕೊಳ್ಳುತ್ತಿದ್ದಳು. ಅದೂ ಅಲ್ಲಿಂದಲೇ ಹಡಗು ಹತ್ತಿ ಬಂದದ್ದು. ಈ ವಿಷಯ ಅವಳಿಗೆ ಹೇಳುವ ಧೈರ್ಯ ನನಗೆ ಕೊನೆಯವರೆಗೂ ಬರಲಿಲ್ಲ.

ಈಗ ಹುರುಳಿಕಾಯಿ ಅನ್ನುವ ಹೆಸರಿನ ಕಥೆ. ಹಳೇ ಬೆಂಗಳೂರು, ಮೈಸೂರಿನವರ ಬಾಯಲ್ಲಿ ಬೀನ್ಸ್ ಎಂದರೆ ಹುರುಳಿಕಾಯಿ. ಧಾರವಾಡದಿಂದ ಸೊಸೆಯಾಗಿ ಬಂದ ನಮ್ಮತ್ತಿಗೆ ಮೊದಲ ದಿನ "ಹುರುಳಿಕಾಯಿ ಹುಳಿ" ಎಂದಾಗ ಕಂಗಾಲಾಗಿದ್ದಳು. ಹುರುಳಿ ಎಂದರೆ ಕುದುರೆಗೆ ಹಾಕುವ ಕಾಳಲ್ಲವೇ, ಅದರ ಕಾಯಿ ಯಾರು ತಿನ್ನುತ್ತಾರೆ? ನ್ಯಾಯವಾದ ಪ್ರಶ್ನೆ. ಹೊರಗಿನಿಂದ ಬಂದದ್ದಕ್ಕೆಲ್ಲ ನಾವು 'ಸೀಮೆ' ಅಂಟಿಸಿ ಗುರುತಿಟ್ಟುಕೊಂಡವರು: ಸೀಮೆಬದನೆ, ಸೀಮೆಹುಣಸೆ, ಸೀಮೆಅಕ್ಕಿ, ಸೀಮೆಎಣ್ಣೆ, ಸೀಮೆಸುಣ್ಣ. ಈ ಕಾಯಿ ಮಾತ್ರ ಆ ಹಣೆಪಟ್ಟಿಯನ್ನು ತಪ್ಪಿಸಿಕೊಂಡು, ಇಲ್ಲಿಯ ಬಡ ಕಾಳೊಂದರ ಹೆಸರನ್ನೇ ಹೊದ್ದುಕೊಂಡು ಒಳಗೆ ನುಸುಳಿತು. ಮೂರೆಲೆಯ ಗೊಂಚಲು, ಮೂತ್ರಪಿಂಡದಂಥ ಕಾಳು, ಚಪ್ಪಟೆ ಸಿಪ್ಪೆ ಇವನ್ನೆಲ್ಲ ನೋಡಿ ಯಾರೋ ತೋಟದವರು ಹುರುಳಿಯ ದೊಡ್ಡಣ್ಣ ಎಂದುಕೊಂಡಿರಬೇಕು. ಇದು ನನ್ನ ಊಹೆ.

ಹೆಸರು ಕದಿಯುವುದು ಈ ಕಾಯಿಗೆ ಹಳೆಯ ಚಾಳಿ. ಯುರೋಪಿನಲ್ಲೂ ಅದನ್ನೇ ಮಾಡಿತ್ತು. ಗ್ರೀಕರು, ರೋಮನ್ನರು 'ಫ್ಯಾಸಿಯೋಲಸ್' ಎನ್ನುತ್ತಿದ್ದದ್ದು ನಮ್ಮ ಅಲಸಂದೆಯ ಜಾತಿಯ ಕಾಯಿಗೆ. 1492ರ ನಂತರ ಅಟ್ಲಾಂಟಿಕ್ ದಾಟಿ ಹೊಸ ಕಾಯಿ ಬಂತು, ನೋಡಲು ಹಾಗೇ ಇತ್ತು, ಹೆಸರನ್ನು ಕಿತ್ತುಕೊಂಡಿತು. 1753ರಲ್ಲಿ ಲಿನೇಯಸ್ ಅದನ್ನೇ ಕಾಯಂ ಮಾಡಿ 'ಫ್ಯಾಸಿಯೋಲಸ್ ವಲ್ಗಾರಿಸ್' ಎಂದು ಬರೆದಿಟ್ಟ. ವಲ್ಗಾರಿಸ್ ಎಂದರೆ ಸಾಮಾನ್ಯವಾದದ್ದು, ಎಲ್ಲರ ಮನೆಯದು. ಹಳೆಯ ಒಡೆಯನಾದ ಅಲಸಂದೆಗೆ ಈಗ ವಿಗ್ನ ಅನ್ನುವ ಬೇರೆ ಹೆಸರು. ಫ್ರೆಂಚ್ ಬೀನ್ಸ್ ಅನ್ನುವುದೂ ಹಾಗೆಯೇ ಸಿಕ್ಕ ಹೆಸರು: ಇಂಗ್ಲೆಂಡಿಗೆ ಫ್ರಾನ್ಸಿನ ಕಡೆಯಿಂದ ಬಂತು ಅಂತ ಫ್ರೆಂಚ್ ಆಯಿತು. ಹುಟ್ಟಿದೂರನ್ನು ಯಾರೂ ಕೇಳಲಿಲ್ಲ.

ಹುಟ್ಟೂರು ಒಂದಲ್ಲ, ಎರಡು. ಮೆಕ್ಸಿಕೋದ ಸುತ್ತಿನ ನಾಡಿನಲ್ಲಿ ಒಂದು ಸಲ, ಆಂಡಿಸ್ ಬೆಟ್ಟಗಳಲ್ಲಿ ಇನ್ನೊಂದು ಸಲ, ಸಾವಿರಾರು ವರ್ಷಗಳ ಹಿಂದೆ ಪ್ರತ್ಯೇಕವಾಗಿಯೇ ಜನ ಕಾಡುಬಳ್ಳಿಯನ್ನು ಪಳಗಿಸಿದರು. ಮೆಕ್ಸಿಕೋದವರ ಹೊಲಕ್ಕೆ ಮಿಲ್ಪಾ ಎಂದು ಹೆಸರು. ಮುಸುಕಿನ ಜೋಳದ ದಂಟಿಗೆ ಹುರುಳಿಬಳ್ಳಿ, ಕೆಳಗೆ ನೆಲ ಮುಚ್ಚಲು ಕುಂಬಳ. ನಮ್ಮ ರಾಗಿಹೊಲದ ಅಕ್ಕಡಿ ಸಾಲು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1800ರಲ್ಲಿ ಮೈಸೂರು ಸೀಮೆಯಲ್ಲಿ ಅಲೆದಾಡಿದ ಫ್ರಾನ್ಸಿಸ್ ಬುಕಾನನ್ ರಾಗಿಯ ನಡುವಿನ ಅವರೆ, ತೊಗರಿ ಸಾಲುಗಳನ್ನು ಕಂಡು ಬರೆದಿದ್ದಾನೆ. ಕಾಳಿನ ಗಿಡವನ್ನು ಹುಲ್ಲಿನ ಜಾತಿಯ ಜೊತೆ ಕೂಡಿಸಬೇಕು ಅನ್ನುವ ಬುದ್ಧಿ ಭೂಮಿಯ ಎರಡು ಮಗ್ಗುಲಲ್ಲೂ ರೈತನಿಗೆ ತಾನಾಗಿ ಹೊಳೆದಿತ್ತು. ಆ ಬುದ್ಧಿಯ ಹಿಂದಿನ ಗುಟ್ಟಾದ, ಗಾಳಿಯ ಸಾರಜನಕ ಹಿಡಿಯುವ ಬೇರುಗಂಟಿನ ಬ್ಯಾಕ್ಟೀರಿಯಾವನ್ನು ವಿಜ್ಞಾನಿ ಬೈಜರಿಂಕ್ ಬೇರ್ಪಡಿಸಿ ತೋರಿಸಿದ್ದು 1888ರಲ್ಲಿ!

ಬೆಂಗಳೂರಿನಲ್ಲಿ ಈ ಕಾಯಿ ಬೇರೂರಿದ್ದು ದಂಡಿನ ಹೊಟ್ಟೆಪಾಡಿನಿಂದ. 1809ರಲ್ಲಿ ಹಲಸೂರಿನ ಕಡೆ ಕಂಟೋನ್ಮೆಂಟ್ ಬಂತು. ಸಿಪಾಯಿ, ಸಾಹೇಬ, ಮೇಮ್‌ಸಾಹೇಬ, ಅವರ ಬಟ್ಲರು, ಎಲ್ಲರ ಮೇಜಿಗೂ ತರಕಾರಿ ಬೇಕು. ಪಡವಲ ಹಾಗಲ ಅವರಿಗೆ ಒಗ್ಗದು. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಊರು, ಬೇಸಿಗೆಯೂ ಅಷ್ಟು ಸುಡುವುದಿಲ್ಲ. ಹುರುಳಿಕಾಯಿಯ ಹೂವು ಸೆಕೆಗೆ ಹೆದರುವ ಜಾತಿ. ಬಿಸಿಲು 35 ಡಿಗ್ರಿ ಮುಟ್ಟಿತೋ, ಕಾಯಿ ಕಟ್ಟದೆ ಉದುರಿಬಿಡುತ್ತದೆ. ರಾಯಚೂರಿನಲ್ಲಿ ಅದು ಬೇಸಿಗೆ ಕಳೆಯಲಾರದು, ಬೆಂಗಳೂರಿನಲ್ಲಿ ವರ್ಷದ ಹೆಚ್ಚು ಪಾಲು ಬಂದೀತು.

ಲಾಲ್‌ಬಾಗು ಅದಾಗಲೇ ಇತ್ತು. 1760ರಲ್ಲಿ ಹೈದರಾಲಿ ಶುರುಮಾಡಿದ ತೋಟ, 1836ರಲ್ಲಿ ತೋಟಗಾರಿಕೆ ಸಂಘವೊಂದರ ಕೈಗೆ, 1856ರಲ್ಲಿ ಸರ್ಕಾರದ ಸಸ್ಯೋದ್ಯಾನವಾಗಿ ದಾಟಿಕೊಂಡು ಬಂತು. ಲಂಡನ್ನಿನ ಕ್ಯೂ ತೋಟದಲ್ಲಿ ಪಳಗಿದವರು ಅಲ್ಲಿಂದ ಬಂದು ಇದನ್ನು ನೋಡಿಕೊಂಡರು. 1874ರಿಂದ 1908ರವರೆಗೆ ಇದ್ದ ಜಾನ್ ಕ್ಯಾಮರಾನ್, ಆಮೇಲೆ ಬಂದ ಜರ್ಮನಿಯ ಕ್ರುಂಬಿಗಲ್ ಇಬ್ಬರೂ ಹೊರಗಿನ ಗಿಡಗಳನ್ನು ತರಿಸಿ, ಇಲ್ಲಿಯ ಮಣ್ಣಿಗೆ ಒಗ್ಗಿಸಿ, ಬೀಜ ಸಸಿ ಹಂಚಿದವರು. ಸೀಮೆಬದನೆಗೆ ತಮಿಳರು ಇಂದಿಗೂ 'ಬೆಂಗಳೂರು ಕತ್ತಿರಿಕ್ಕಾಯಿ' ಎನ್ನುವುದು ಸುಮ್ಮನೆ ಅಲ್ಲ. ಆ ದಿನಗಳ ಬೆಂಗಳೂರು ದಕ್ಷಿಣಕ್ಕೆಲ್ಲ ಹೊಸ ತರಕಾರಿಯ ಹೆಬ್ಬಾಗಿಲು.

ಆದರೆ ಅಧಿಕಾರಿಗಳ ಹೆಸರು ಹೇಳಿ ಮುಗಿಸಿದರೆ ಅರ್ಧ ಮಾತಾಯಿತು. ಬೀಜ ತರಿಸಿದವರು ಅವರಿರಬಹುದು, ಬೆಳೆದವರು ತಿಗಳರು. ಪೇಟೆಯ ಸುತ್ತ ಧರ್ಮಾಂಬುಧಿ, ಸಂಪಂಗಿ, ಸಿದ್ದಾಪುರ ಎಂದು ಎಲ್ಲೆಲ್ಲಿ ಕೆರೆಯ ನೀರು ಬಸಿಯುತ್ತಿತ್ತೋ ಅಲ್ಲಲ್ಲಿ ಅವರ ತೋಟ. ಕರಗ ಹೊರುವ ಕುಲ, ವರ್ಷಪೂರ್ತಿ ಮಣ್ಣಿನಲ್ಲಿ ಕೈ. ದಂಡಿನ ಮಾರ್ಕೆಟ್ಟಿಗೆ ಹೋಗುವ ಬುಟ್ಟಿಯಲ್ಲಿ ಹುರುಳಿಕಾಯಿ ತುಂಬಿದವರೂ ಇವರೇ, ಮಿಕ್ಕಿದ್ದನ್ನು ಪೇಟೆಯ ಮನೆಗಳಿಗೆ ಹೊತ್ತು ತಂದು ರುಚಿ ಹತ್ತಿಸಿದವರೂ ಇವರೇ. ದಂಡು ಬೇರೆ, ಪೇಟೆ ಬೇರೆ, ನಡುವೆ ಕಬ್ಬನ್ ಪಾರ್ಕು. ಎರಡಕ್ಕೂ ಸೇರಿ ಒಂದೇ ಕಾರ್ಪೊರೇಷನ್ ಆದದ್ದು 1949ರಲ್ಲಿ. ಹುರುಳಿಕಾಯಿ ಅಷ್ಟು ಹೊತ್ತು ಕಾಯಲಿಲ್ಲ, ಬಹಳ ಮೊದಲೇ ಪಾರ್ಕು ದಾಟಿತ್ತು.

1898ರ ಪ್ಲೇಗಿನ ಹೊಡೆತಕ್ಕೆ ಪೇಟೆಯ ಇಕ್ಕಟ್ಟು ಬಿಟ್ಟು ಜನ ಬಸವನಗುಡಿ, ಮಲ್ಲೇಶ್ವರಗಳ ಹೊಸ ಬೀದಿಗಳಿಗೆ ಬಂದರು. ಮನೆಯ ಹಿಂದೆ ಹಿತ್ತಲು, ಹಿತ್ತಲಲ್ಲಿ ಬಾವಿ. ಕೈತೋಟ ಅನ್ನುವುದು ಮಧ್ಯಮ ವರ್ಗದವರ ಹವ್ಯಾಸವಾದದ್ದು ಆ ಹಿತ್ತಲುಗಳಿಂದ. 1912ರಲ್ಲಿ ಮೈಸೂರು ಹಾರ್ಟಿಕಲ್ಚರಲ್ ಸೊಸೈಟಿ ಹುಟ್ಟಿತು. ಲಾಲ್‌ಬಾಗಿನ ಗಾಜಿನಮನೆಯ ಪ್ರದರ್ಶನ, ಕೈತೋಟದ ಸ್ಪರ್ಧೆ, ಬಹುಮಾನ ಎಲ್ಲ ಬೆಳೆದವು. ಹುರುಳಿಕಾಯಿ ಒಳಹೊಕ್ಕ ಇನ್ನೊಂದು ದಾರಿ ಹೋಟೆಲಿನದು. ಪೂರಿಯ ಜೊತೆಯ ಸಾಗುವನ್ನು ಒಮ್ಮೆ ಬಿಡಿಸಿ ನೋಡಿ: ಆಲೂಗಡ್ಡೆ, ಕ್ಯಾರೆಟ್, ಹುರುಳಿಕಾಯಿ, ಬಟಾಣಿ. ಅಜ್ಜಿ ಜಗಲಿಗೆ ದಬ್ಬಿದ ಮೊರವೇ ಅದು, ಮೇಲೆ ತೆಂಗಿನಕಾಯಿ ಮಸಾಲೆ.

ನಮ್ಮ ಬಸವನಗುಡಿಯ ಹಿತ್ತಲಿಗೆ ವಾರಕ್ಕೆರಡು ದಿನ ಸಿದ್ದಾಪುರದ ಕಡೆಯಿಂದ ಒಬ್ಬರು ಮುದುಕರು ಬರುತ್ತಿದ್ದರು. ನಾವು ಅವರನ್ನು ಕರೆಯುತ್ತಿದ್ದದ್ದು ತೋಟದ ತಾತ ಎಂದು. ನಾನು ಆಮೇಲೆ ತರಗತಿಯಲ್ಲಿ ಹೇಳಿದ ಎಷ್ಟೋ ಪಾಠಗಳನ್ನು ಮೊದಲು ಕೇಳಿದ್ದು ಅವರ ಬಾಯಲ್ಲಿ, ಲ್ಯಾಟಿನ್ ಇಲ್ಲದೆ. ಅವರು ಬಿತ್ತಿದ ಮೇಲೆ ನೀರು ಹಾಕುತ್ತಿರಲಿಲ್ಲ. ಮೊದಲ ದಿನವೇ ಮಡಿ ನೆನೆಸಿ, ಮಾರನೆಯ ದಿನ ಮಣ್ಣನ್ನು ಹಿಡಿ ಕಟ್ಟಿ ನೋಡುವರು. ಉಂಡೆ ನಿಂತು, ಬೆರಳು ತಾಗಿದರೆ ಪುಡಿಯಾಗಬೇಕು. ಆಗ ಬೆರಳ ಒಂದು ಗೆಣ್ಣು ಆಳ, ನಾಲ್ಕು ಬೆರಳು ಅಂತರ. "ಕಾಳಿಗೆ ದಾಹ ಇರ್ತದೆ, ಆದ್ರೆ ಮುಳುಗಿಸಿದ್ರೆ ಉಸಿರು ಕಟ್ತದೆ" ಅನ್ನುವರು. ಹುರುಳಿಕಾಯಿ ಬೀಜ ಕೊಳೆಯುವುದು ಹೆಚ್ಚಾಗಿ ಬಿತ್ತಿದವರ ಪ್ರೀತಿ ಉಕ್ಕಿಯೇ.

ಐದಾರು ದಿನಕ್ಕೆ ಮಣ್ಣು ಬಿರಿಯುತ್ತದೆ. ಮೊದಲು ಮೇಲೆ ಬರುವುದು ಚಿಗುರಲ್ಲ, ಕೊಕ್ಕೆಯಂತೆ ಬಾಗಿದ ಬಿಳಿ ಕತ್ತು. ತಲೆ ಒಳಗೇ ಇರುತ್ತದೆ. ಕತ್ತು ನೆಟ್ಟಗಾಗುತ್ತ ಕಾಳಿನ ಎರಡು ಬೇಳೆಗಳನ್ನು ಮಣ್ಣಿನಿಂದ ಎಳೆದು ಮೇಲೆತ್ತುತ್ತದೆ, ಬಾವಿಯಿಂದ ಕೊಡ ಎತ್ತಿದ ಹಾಗೆ. ಮಣ್ಣಿನ ಮೇಲೆ ಹೆಪ್ಪು ಕಟ್ಟಿದ್ದರೆ ಆ ಎಳೆತಕ್ಕೆ ಕತ್ತೇ ಮುರಿಯುತ್ತದೆ; ತಾತ ಅದಕ್ಕೇ ಬಿತ್ತುವ ಮಣ್ಣಿಗೆ ಕೆರೆಗೋಡಿನ ಜೊತೆ ತರಗು ಬೆರೆಸುತ್ತಿದ್ದರು. ಎರಡು ಬೇಳೆ ಎಂದಾಗ ನೆನಪಾಯಿತು. ಚಾತುರ್ಮಾಸ್ಯದ ಕೊನೆಯ ತಿಂಗಳು ದ್ವಿದಳ ವ್ರತ, ಎರಡಾಗಿ ಒಡೆಯುವ ಯಾವ ಕಾಳೂ ಕೂಡದು. ಸಸ್ಯಶಾಸ್ತ್ರಜ್ಞರು 'ದ್ವಿದಳ' ಅನ್ನುವ ಮಾತನ್ನು ಎತ್ತಿಕೊಂಡದ್ದು ಇಂಥ ಮಡಿ ಅಡುಗೆಮನೆಯಿಂದಲೇ ಇರಬೇಕು ಅಂತ ವಿದ್ಯಾರ್ಥಿಗಳಿಗೆ ತಮಾಷೆ ಮಾಡುತ್ತಿದ್ದೆ. ಅರ್ಧ ತರಗತಿಗೆ ಅರ್ಥವಾಗುತ್ತಿರಲಿಲ್ಲ.

ತಾತನ ಇನ್ನೊಂದು ಕಟ್ಟಳೆ: ಬೆಳಗಿನ ಇಬ್ಬನಿ ಆರುವವರೆಗೆ ಹುರುಳಿಸಾಲಿಗೆ ಯಾರೂ ಕೈ ಹಾಕುವಂತಿಲ್ಲ. ಒದ್ದೆ ಎಲೆ ಮುಟ್ಟಿದರೆ ಗಿಡ ಮುನಿಯುತ್ತದೆ ಅನ್ನುವರು. ಮುನಿಸಿನ ಹಿಂದೆ ಸೊಪ್ಪಿನ ಅಂಗಮಾರಿ, ಚಿಬ್ಬು ರೋಗಗಳಿವೆ. ನೀರ ಹನಿಯಲ್ಲಿ ತೇಲುವ ಬ್ಯಾಕ್ಟೀರಿಯಾ, ಶಿಲೀಂಧ್ರದ ಬೀಜಾಣುಗಳು ನಮ್ಮ ಕೈಗೆ, ಸೆರಗಿಗೆ ಹತ್ತಿ ಸಾಲಿನುದ್ದಕ್ಕೂ ಸವಾರಿ ಮಾಡುತ್ತವೆ. ಕಾಳು ಕಟ್ಟಿದ ಮುದಿ ಕಾಯನ್ನು ಗಿಡದಲ್ಲಿ ಬಿಡಲೂ ಅವರು ಒಪ್ಪುತ್ತಿರಲಿಲ್ಲ. ಮಕ್ಕಳಾದವು ಅಂತ ಗಿಡಕ್ಕೆ ಗೊತ್ತಾದರೆ ಹೂ ಬಿಡುವುದನ್ನು ನಿಲ್ಲಿಸುತ್ತದಂತೆ. ಇದರಲ್ಲಿ ತಿದ್ದಲು ನನಗೆ ಏನೂ ಸಿಕ್ಕಿಲ್ಲ.

ಕೊಯ್ದ ಕಾಯಿ ಅಜ್ಜಿಯ ಮಡಿಲಿಗೆ ಬರುತ್ತಿತ್ತು. ಮಧ್ಯಾಹ್ನ ಊಟವಾದ ಮೇಲೆ ನಡುಮನೆಯಲ್ಲಿ ನಾರು ತೆಗೆಯುವ ಸಭೆ. ಕಾಯಿಯ ತುದಿಯನ್ನು ಹೆಬ್ಬೆರಳಿನಿಂದ ಮುರಿದು, ಪೂರ್ತಿ ಬಿಡಿಸದೆ ಕೆಳಗೆ ಎಳೆದರೆ ಬೆನ್ನಿನ ನಾರು ಒಂದೇ ಎಳೆಯಾಗಿ ಬರಬೇಕು. ಆಮೇಲೆ ತಿರುಗಿಸಿ ಹೊಟ್ಟೆಯ ನಾರು. ನಡುವೆ ತುಂಡಾದರೆ ಸೋತಂತೆ. ಪಲ್ಯದಲ್ಲಿ ನಾರು ಹಲ್ಲಿಗೆ ಸಿಕ್ಕಿದರೆ ತಾತ (ಇದು ನನ್ನ ಸ್ವಂತ ತಾತ) ಅದನ್ನು ಎಲೆಯ ಅಂಚಿಗಿಟ್ಟು, ಮಾತಾಡದೆ, ಎಲ್ಲರೂ ನೋಡುವವರೆಗೆ ಕಾಯುತ್ತಿದ್ದರು.

ಈ ನಾರಿನ ಗೋಳು ಎಷ್ಟೋ ಸಾವಿರ ಮೈಲಿ ಆಚೆ ಆಗಲೇ ಮುಗಿದಿತ್ತು ಅನ್ನುವುದು ನಮಗೆ ಗೊತ್ತಿರಲಿಲ್ಲ. ನ್ಯೂಯಾರ್ಕ್ ರಾಜ್ಯದ ಲೆ ರಾಯ್ ಅನ್ನುವ ಊರಿನಲ್ಲಿ ಕ್ಯಾಲ್ವಿನ್ ಕೀನಿ ಎಂಬವನು 1894ರಲ್ಲಿ ನಾರಿಲ್ಲದ ತಳಿ ಎಬ್ಬಿಸಿದ್ದ. ಅದೇ ವರ್ಷ ಮಂಗಳೂರಿನಲ್ಲಿ ಕಿಟೆಲ್ಲರ ಕನ್ನಡ ನಿಘಂಟು ಅಚ್ಚಾಯಿತು. ಎರಡಕ್ಕೂ ಸಂಬಂಧವಿಲ್ಲ; ಎರಡೂ ನನಗೆ ಉಪಕಾರ ಮಾಡಿದವು ಅಂತ ಜೋಡಿಸಿ ಹೇಳಿದೆ.

ವಿಜ್ಞಾನಕ್ಕೂ ಈ ಕಾಯಿಯ ಋಣವಿದೆ. ಬಟಾಣಿಯಲ್ಲಿ ಸೂತ್ರ ಕಂಡುಕೊಂಡ ಮೆಂಡೆಲ್ ಹುರುಳಿಕಾಯಿಯಲ್ಲೂ ಅದನ್ನು ನೋಡಹೊರಟು, ಹೂವಿನ ಬಣ್ಣದ ಹತ್ತಿರ ತಬ್ಬಿಬ್ಬಾದ. ನನ್ನ ಮೆಚ್ಚಿನವನು ಡೆನ್ಮಾರ್ಕಿನ ಯೋಹಾನ್ಸನ್. ಅವನು ಮಾಡಿದ್ದು ನಮ್ಮಜ್ಜಿ ಮೊರದಲ್ಲಿ ಮಾಡುತ್ತಿದ್ದದ್ದೇ: ಕಾಳು ಆರಿಸುವುದು, ತೂಗುವುದು. ಒಂದೇ ಗಿಡದ ಶುದ್ಧವಂಶದಿಂದ ದಪ್ಪ ಕಾಳನ್ನೂ ಸಣ್ಣ ಕಾಳನ್ನೂ ಬೇರೆ ಬೇರೆ ಬಿತ್ತಿದ. ಎರಡರ ಸಂತಾನದ ಸರಾಸರಿ ತೂಕವೂ ಒಂದೇ ಬಂತು. ದಪ್ಪ ಸಣ್ಣ ಆದದ್ದು ಮಣ್ಣು, ನೀರು, ಜಾಗದಿಂದ. ಒಳಗಿನ ಬೀಜಗುಣ ಒಂದೇ. ಇದು ಪ್ರಕಟವಾದದ್ದು 1903ರಲ್ಲಿ. ಇವತ್ತು ಎಲ್ಲರ ಬಾಯಲ್ಲಿರುವ 'ಜೀನ್' ಅನ್ನುವ ಮಾತನ್ನು 1909ರಲ್ಲಿ ಕೊಟ್ಟವನು ಅವನೇ.

ಆ ಶುದ್ಧವಂಶದ ದಾರಿಯಲ್ಲೇ ನಮ್ಮ ಹೆಸರಘಟ್ಟವೂ ನಡೆಯಿತು. 1967ರಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಶುರುವಾಯಿತು, ಅರ್ಕಾವತಿ ನದಿಯ ಸೀಮೆ. ಅಲ್ಲಿಂದ ಬಂದ ತಳಿಗಳಿಗೆಲ್ಲ 'ಅರ್ಕ' ಮನೆತನದ ಹೆಸರು. ಅರ್ಕ ಕೋಮಲ್ ಹೊರಗಿನಿಂದ ತರಿಸಿದ ಬೀಜದಿಂದ ಆಯ್ದು ಎಬ್ಬಿಸಿದ ಗಿಡಹುರುಳಿ. ಮೊಣಕಾಲೆತ್ತರ, ಕೋಲು ಬೇಡ, ನೇರ ಚಪ್ಪಟೆ ಕಾಯಿ, ಎಪ್ಪತ್ತು ದಿನಕ್ಕೆ ಬೆಳೆ ಮುಗಿದು ಮಡಿ ಖಾಲಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೀನ್ಸಿನ ಹೊಲಗಳಲ್ಲಿ ಕೋಮಲ್ ಅಂದರೆ ಮನೆಮಗಳ ಹೆಸರಿದ್ದಂತೆ. ಆಮೇಲೆ ನಾರಿಲ್ಲದ ಅರ್ಕ ಸುವಿಧಾ ಬಂತು, ತುಕ್ಕು ರೋಗ ತಡೆಯುವ ಅರ್ಕ ಅನೂಪ್ ಬಂತು.

ತುಕ್ಕಿನ ಪರಿಚಯ ನನಗೆ ಚೆನ್ನಾಗಿಯೇ ಆಗಿದೆ. ನಿವೃತ್ತಿಯಾದ ವರ್ಷ ಹಿತ್ತಲಲ್ಲಿ ಉಳಿದಿದ್ದ ಹನ್ನೆರಡು ಅಡಿ ಜಾಗದಲ್ಲಿ ಎರಡು ಸಾಲು ಬಿತ್ತಿದೆ. ಪಾಠ ಹೇಳಿದವಳಿಗೆ ಬೆಳೆಯುವುದು ಏನು ಮಹಾ ಎಂದುಕೊಂಡೆ. ಮೊದಲು ಕಾಂಡದ ನೊಣ ಬಂತು. ಎಳೆಯ ಎಲೆಯಲ್ಲಿ ಮೊಟ್ಟೆ, ಮರಿಹುಳು ತೊಟ್ಟಿನೊಳಗೆ ಸುರಂಗ ಕೊರೆಯುತ್ತ ಬುಡಕ್ಕೆ. ಬುಡ ಊದಿ ಸೀಳಿ ಸಸಿಗಳು ಒಂದೊಂದಾಗಿ ಒರಗಿದವು. ಉಳಿದವಕ್ಕೆ ತೋಟದ ತಾತನನ್ನು ನೆನೆದು ಬುಡಕ್ಕೆ ಮಣ್ಣು ಏರಿಸಿದೆ. ಗಾಯದ ಮೇಲ್ಗಡೆ ಹೊಸ ಬೇರು ಬಿಟ್ಟು ಹತ್ತಿಪ್ಪತ್ತು ಗಿಡ ಬದುಕಿದವು. ಆಗ ಶುರುವಾಯಿತು ಜಡಿಮಳೆ. ಎಲೆಯ ಅಡಿಯಲ್ಲಿ ಸಾಸಿವೆಯಷ್ಟು ಕಂದು ಗುಳ್ಳೆ, ಬೆರಳಲ್ಲಿ ಒರೆಸಿದರೆ ಕಬ್ಬಿಣದ ತುಕ್ಕಿನದೇ ಪುಡಿ. ನಾನು ಮಾಡಿದ ಘನಕಾರ್ಯವೆಂದರೆ ಕೊಡೆ ಹಿಡಿದುಕೊಂಡು ಹೋಗಿ, ಆ ಎಲೆಗಳನ್ನು ಒದ್ದೆಯಲ್ಲೇ ಕಿತ್ತು, ಅದೇ ಕೈಯಲ್ಲಿ ಮುಂದಿನ ಗಿಡಗಳನ್ನು ತಿರುಗಿಸಿ ನೋಡಿದ್ದು. ವಾರದೊಳಗೆ ಎರಡೂ ಸಾಲು ಕೆಂಪಾದವು. ಮುನಿಸಿನ ಪಾಠವನ್ನು ಎಂಟನೇ ವಯಸ್ಸಿನಲ್ಲೇ ಕೇಳಿದ್ದವಳು ನಾನು.

ಕಿತ್ತ ಗಿಡಗಳ ಬೇರು ನೋಡಿದ್ದೊಂದೇ ಲಾಭ. ಸಣ್ಣ ಸಣ್ಣ ಗಂಟು. ಬೆರಳಿಂದ ತಿಕ್ಕಿದರೆ ಉದುರಿದವು, ಉಗುರಲ್ಲಿ ಸೀಳಿದರೆ ಒಳಗೆ ತಿಳಿಗೆಂಪು. ಆ ಕೆಂಪು ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ದಾಯಾದಿ. ಉದುರದೆ ಬೇರಿನ ಮೈಯೇ ಊದಿಕೊಂಡಿದ್ದರೆ ಅದು ಜಂತುಹುಳುವಿನ ಗಂಟು, ಗಾಬರಿಪಡಬೇಕಾದ ಸಂಗತಿ. ಗಂಟಿದೆ ಅಂತ ಗೊಬ್ಬರ ಮರೆಯುವುದೂ ತಪ್ಪು. ಕಾಳಿನ ಜಾತಿಯಲ್ಲೇ ಹುರುಳಿಕಾಯಿ ಗಾಳಿಯ ಸಾರಜನಕ ಹಿಡಿಯುವುದರಲ್ಲಿ ಸೋಮಾರಿ; ಒಂದಷ್ಟು ಕೊಟ್ಟಿಗೆ ಗೊಬ್ಬರ ಬೇಡುತ್ತದೆ.

ಮರುವರ್ಷ ಅಂಗಡಿಯೊಂದರಲ್ಲಿ ಕೋಮಲ್ ಎಂದು ಕೊಟ್ಟ ಪೊಟ್ಟಣ ಬಿತ್ತಿದರೆ ಬಳ್ಳಿಹುರುಳಿ ಎದ್ದಿತು. ತುದಿ ಗಾಳಿಯಲ್ಲಿ ಕೈಯಾಡಿಸುತ್ತ ಸ್ನಾನದಮನೆಯ ಕಿಟಕಿಯ ಸರಳು ಹಿಡಿಯಿತು. ಬೈದುಕೊಂಡೇ ಬಿದಿರು ನೆಟ್ಟೆ. ಮೇಲಿನಿಂದ ನೋಡಿದರೆ ಈ ಬಳ್ಳಿ ಸುತ್ತುವುದು ಯಾವಾಗಲೂ ಗಡಿಯಾರದ ಮುಳ್ಳಿಗೆ ಎದುರಾಗಿ, ಅಂದರೆ ಅಪ್ರದಕ್ಷಿಣೆ. ನೀವು ಬಲವಂತವಾಗಿ ಬಲಕ್ಕೆ ಸುತ್ತಿ ಕಟ್ಟಿದರೂ ಬಿಚ್ಚಿಕೊಂಡು ತನ್ನ ದಾರಿಗೇ ಹೋಗುತ್ತದೆ. ಅಣ್ಣನಿಗೆ ತೋರಿಸಿದೆ. ದೇವರ ಕೆಲಸಕ್ಕೆ ಪ್ರದಕ್ಷಿಣೆ, ಪಿತೃಗಳ ಕೆಲಸಕ್ಕೆ ಜನಿವಾರ ಬಲ ಹೆಗಲಿಗೆ, ಸುತ್ತುವುದೂ ಅಪ್ರದಕ್ಷಿಣೆ. ಲೆಕ್ಕದ ಪ್ರಕಾರ ತಿಥಿಗೆ ಇದಕ್ಕಿಂತ ಯೋಗ್ಯವಾದ ತರಕಾರಿ ಇಲ್ಲವಲ್ಲೋ ಎಂದೆ. ಅವನು ನಗಲಿಲ್ಲ. ಅಜ್ಜಿಯ ಮೊಮ್ಮಗ.

ಈಗ ನನ್ನ ಬಿತ್ತನೆ ಪುಷ್ಯ ಮಳೆಗೆ, ಜುಲೈ ಕೊನೆಯಲ್ಲಿ. ಆಚೆ ಐವತ್ತು ದಿನ ಎಣಿಸಿದರೆ ಕಾಯಿ ಕೊಯ್ಯುವ ಹೊತ್ತಿಗೆ ಸರಿಯಾಗಿ ಪಿತೃಪಕ್ಷ. ಹದಿನೈದು ದಿನ ಊರಿಗೆ ಊರೇ ಗೋರಿಕಾಯಿ, ಬಾಳೆಕಾಯಿಗೆ ಮುಗಿಬಿದ್ದು ಬೆಲೆ ಏರಿಸುವಾಗ ನನ್ನ ಹಿತ್ತಲು ಹುರುಳಿಕಾಯಿ ತೂಗಿಕೊಂಡು ನಿಂತಿರುತ್ತದೆ. ಹೋದ ವರ್ಷವೂ ಅಮ್ಮನ ಪಕ್ಷದ ಹಿಂದಿನ ಸಂಜೆ ಮಡಿಲ ತುಂಬ ಕೊಯ್ದೆ. ಕಾಯಿಸಲಾಗದು, ಮುದಿಯಾದರೆ ಹೂವು ನಿಲ್ಲುತ್ತದೆ. ಅಡುಗೆಯವರು ಬೆಳಗ್ಗೆ ಐದಕ್ಕೇ ಬರುವವರಿದ್ದರು. ಮೊರಕ್ಕೆ ಸುರಿದು ನಾನೇ ಹಿತ್ತಲ ಜಗಲಿಗೆ ಒಯ್ದಿಟ್ಟು, ಮೇಲೆ ಒದ್ದೆ ಬಟ್ಟೆ ಹೊದಿಸಿದೆ.

ತಿಥಿ ಮುಗಿದ ಮಾರನೆಯ ದಿನ ನಡುಮನೆಯಲ್ಲಿ ಕಾಲು ಚಾಚಿ ಕೂತು ಮೊರ ಎಳೆದುಕೊಂಡೆ. ಸುವಿಧಾ ತಳಿ. ಹೆಬ್ಬೆರಳು ತಾನಾಗಿ ತುದಿ ಮುರಿದು ಕೆಳಕ್ಕೆ ಎಳೆಯಿತು. ಏನೂ ಬರಲಿಲ್ಲ. ತಿರುಗಿಸಿ ಇನ್ನೊಂದು ಮಗ್ಗುಲನ್ನೂ ಎಳೆದು ನೋಡಿದೆ.